ಬಿಸಿಯೋ, ಬಿಡಿಯೋ? ನೀರಡಿಯಲ್ಲಿ ಉಕ್ಕು ಕೊಯ್ಯುವ ಅನುಮಾನಪ್ಪ

ಸೂರ್ಯ ಹುಟ್ಟುವುದೋ ಬೇಡವೋ ಎಂದು ಇನ್ನೂ ಮೀನಮೇಷ ಎಣಿಸುತ್ತಿದ್ದಾನೆ. ಅಷ್ಟರಲ್ಲಾಗಲೇ ಸಮುದ್ರದಲ್ಲಿ ತೇಲುವ ಚಪ್ಪಟೆ ದೋಣಿಯ, ಅಂದರೆ ಬಾರ್ಜಿನ, ಅಂಚಿನಲ್ಲಿ ಐವತ್ತೊಂದು ವರ್ಷದ ಒಬ್ಬರು ಕುಕ್ಕರುಗಾಲಿನಲ್ಲಿ ಕೂತು, ತಮ್ಮ ಉಸಿರಿನ ಪೈಪನ್ನು ಗೇಣು ಗೇಣಾಗಿ ಒತ್ತಿ ನೋಡುತ್ತಿದ್ದಾರೆ. ಪೈಪಿನ ಉದ್ದ ತೊಂಬತ್ತು ಮೀಟರು. ನಿನ್ನೆ ಸಂಜೆ ಇದೇ ಪೈಪನ್ನು ಇವರೇ ಒತ್ತಿ ನೋಡಿ, ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ, ಮನೆಯ ಅರ್ಧ ದಾರಿಗೆ ಹೋದವರು ತಿರುಗಿ ಬಂದು ಮೂರನೆಯ ಸಲ ಜಗ್ಗಿದ್ದರು. "ಬೀಗ ಹಾಕಿದ್ದು ನಾನೇ, ಸರಿ. ಹಾಕಿದ್ದನ್ನ ನೋಡಿದ್ದೂ ನಾನೇ ಅಲ್ವಾ? ಬೇರೆ ಸಾಕ್ಷಿ ಎಲ್ಲಿದೆ?" ಎಂಬುದು ಅವರ ನ್ಯಾಯ.

ಬಾರ್ಜಿನ ಮೇಲೆ ಇವರಿಗೆ ಅನುಮಾನಪ್ಪ ಎಂದೇ ಹೆಸರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆಯಂತೆ. ಅದನ್ನು ಓದಿದವರು ಈ ಭೂಮಿಯ ಮೇಲೆ ಇನ್ನೂ ಸಿಕ್ಕಿಲ್ಲ. ಕಸುಬು, ನೀರಿನ ಅಡಿಯಲ್ಲಿ ಉಕ್ಕು ಕೊಯ್ಯುವುದು. ಸಮುದ್ರಕ್ಕೆ ಕಾಲಿಟ್ಟು ನಿಂತ ಹಳೆಯ ಕಟ್ಟೆ, ಸೇತುವೆ, ಹಡಗು ಕಟ್ಟುವ ಜಾಗ, ಇವುಗಳನ್ನು ಕೆಡವಿ ಹೊಸದು ಕಟ್ಟಬೇಕಾದಾಗ ಮೇಲಿನ ಕೆಲಸಕ್ಕೆ ಸಾವಿರ ಜನ ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಳಗೆ ಕೆಸರಿನಲ್ಲಿ ಹೂತ ಹಳೆಯ ಉಕ್ಕಿನ ಕಾಲುಗಳನ್ನು ಬುಡದಲ್ಲಿ ಕತ್ತರಿಸಲು ಮಾತ್ರ ಅನುಮಾನಪ್ಪ ಬರಬೇಕು. ಎಲೆಮರೆಯ ಕಾಯಿಯನ್ನಾದರೂ ಎಲೆ ಸರಿಸಿ ನೋಡಬಹುದು. ಇವರಿರುವುದು ಹನ್ನೊಂದು ಮೀಟರ್ ನೀರಿನ ಮರೆಯಲ್ಲಿ. ಅಲ್ಲಿ ಇವರ ಬಲಗೈಯನ್ನು ಇವರ ಎಡಗೈಯೇ ಕಂಡಿಲ್ಲ.

ಕೆಲಸ ಹೇಳಲು ಬಹಳ ಸುಲಭ. ಹದಿನಾಲ್ಕು ಕಿಲೋ ತೂಕದ ಹೆಲ್ಮೆಟ್ಟು ತಲೆಗೆ, ಸೀಸದ ಪಟ್ಟಿ ಸೊಂಟಕ್ಕೆ, ರಬ್ಬರಿನ ಗವಸು ಕೈಗೆ. ಕೈಯಲ್ಲಿ ಮೊಳದುದ್ದದ ಒಂದು ಟೊಳ್ಳು ರಾಡು. ಅದರೊಳಗೆ ಆಮ್ಲಜನಕ ನುಗ್ಗುತ್ತದೆ, ತುದಿಗೆ ವಿದ್ಯುತ್ ಬರುತ್ತದೆ, ಕಿಡಿ ಹತ್ತಿದ ಮೇಲೆ ಸಮುದ್ರವೇ ಮೈಮೇಲೆ ಬಿದ್ದರೂ ಆರುವುದಿಲ್ಲ. ಐದು ಸಾವಿರ ಡಿಗ್ರಿಯ ಬೆಂಕಿ. ಎರಡು ಬೆರಳು ದಪ್ಪದ ಉಕ್ಕು ಬೆಣ್ಣೆಯಂತೆ ಇಳಿಯುತ್ತದೆ. ಒಂದು ರಾಡಿಗೆ ಆಯುಸ್ಸು ಒಂದೇ ನಿಮಿಷ. ದಿನಕ್ಕೆ ನಲವತ್ತು ರಾಡು. ಒಂದೊಂದು ರಾಡಿಗೂ ಮೂರು ನಾಲ್ಕು ಸಣ್ಣ ಸಿಡಿತ, ಮುಖದ ಮುಂದೆಯೇ ಢಮ್ ಢಮ್ ಎಂದು. ಇಪ್ಪತ್ತಾರು ವರ್ಷದಲ್ಲಿ ಅನುಮಾನಪ್ಪ ಕೊಯ್ದ ಉಕ್ಕನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಏಣಿ ಹಾಕಬಹುದು. ಲೆಕ್ಕ ಸ್ವಲ್ಪ ಆಚೀಚೆ ಇದ್ದರೆ ಚಂದ್ರನೇ ಒಂದಿಷ್ಟು ಬಗ್ಗಿಕೊಳ್ಳಲಿ.

ಇಂಥ ಕಸುಬಿನಲ್ಲಿ ನಂಬಿಕೆ ಇಟ್ಟವರು ಉಳಿಯುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಅದು ಹುಟ್ಟಿದ್ದು ಬಾವಿಯಲ್ಲಿ. ಹದಿನಾರರ ವಯಸ್ಸಿನಲ್ಲೇ ಅವರು ಬಾವಿಗೆ ಬಿದ್ದ ಕೊಡ ತೆಗೆದುಕೊಡುತ್ತಿದ್ದರು. ಒಂದು ಕೊಡ ಬಿದ್ದಿದೆ ಎಂದು ಕರೆಯುವವರ ಬಾವಿಯಲ್ಲಿ ಯಾವಾಗಲೂ ಎರಡು ಕೊಡ, ಒಂದು ಚೊಂಬು ಮತ್ತು ಹೇಳಬಾರದ ಏನೋ ಒಂದು ಇರುತ್ತಿತ್ತಂತೆ. "ಮೇಲೆ ನಿಂತು ಮಾತಾಡೋರಿಗೆ ತಳದ ವಿಷಯ ಗೊತ್ತಿರಲ್ಲ. ಗೊತ್ತಿದ್ರೂ ಹೇಳಲ್ಲ," ಎನ್ನುತ್ತಾರೆ. ಆಮೇಲೆ ಬೆಸುಗೆ ಅಂಗಡಿಯಲ್ಲಿ ಕೆಲವು ವರ್ಷ, ಆಮೇಲೆ ಒಬ್ಬ ಹಿರಿಯ ಮುಳುಗುಗಾರರ ಕೈಕೆಳಗೆ. ಆ ಗುರುಗಳು ಒಂದು ದಿನ ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಂದನ್ನು ತೂತು ಕೊರೆಯದೆ ಕೊಯ್ದರು. ಕೊಯ್ಯುವಾಗ ಬರುವ ಗಾಳಿ ಒಳಗೆ ತುಂಬಿಕೊಂಡಿತು, ಮೇಲೊಂದು ಕಿಡಿ ಬಿತ್ತು, ಪೆಟ್ಟಿಗೆ ಸಿಡಿಯಿತು. ಗುರುಗಳು ಬದುಕಿದರು, ಬದುಕಿದ್ದಾರೆ ಕೂಡ. ಆದರೆ ಇವತ್ತಿಗೂ ಅಡುಗೆಮನೆಯಲ್ಲಿ ಮುಚ್ಚಳ ಬಿದ್ದರೆ ಕೂತಲ್ಲಿಂದ ಎದ್ದು ನಿಲ್ಲುತ್ತಾರೆ.

ಅಂದಿನಿಂದ ಅನುಮಾನಪ್ಪನವರದ್ದು ಒಂದು ನೇಮ. ಯಾವ ಕಂಬಕ್ಕೇ ಆಗಲಿ ರಾಡು ಮುಟ್ಟಿಸುವ ಮೊದಲು ಉಸಿರು ಬಿಗಿಹಿಡಿದು ಸುತ್ತಿಗೆಯಿಂದ ಮೂರು ಪೆಟ್ಟು. ಒಳಗೆ ಕಾಂಕ್ರೀಟು ತುಂಬಿದ ಕಂಬ ದಬ್ ಎನ್ನುತ್ತದೆ. ಟೊಳ್ಳು ಕಂಬ ಟಣ್ ಎನ್ನುತ್ತದೆ. ಟಣ್ ಎಂದರೆ ಕೆಲಸ ನಿಲ್ಲಿಸಿ, ತುದಿಯಲ್ಲಿ ತೂತು ಕೊರೆದು, ಒಳಗಿನ ಗಾಳಿ ಬಿಡಿಸಿ, ಆಮೇಲೆಯೇ ಬೆಂಕಿ. ನಕ್ಷೆ ಏನೇ ಹೇಳಲಿ, ಎಂಜಿನಿಯರ್ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಲಿ, ಅನುಮಾನಪ್ಪ ನಂಬುವುದು ಆ ಮೂರು ಪೆಟ್ಟನ್ನು, ಮತ್ತು ಅದನ್ನು ಕೇಳುವ ತಮ್ಮ ಎರಡು ಕಿವಿಗಳನ್ನು.

ಇನ್ನು ಮೇಲಿನವರ ವಿಷಯ. ನೀರಿನಲ್ಲಿರುವವರ ಕೈಗೆ ವಿದ್ಯುತ್ ಬಿಡುವ ಸ್ವಿಚ್ಚು ಬಾರ್ಜಿನ ಮೇಲಿರುತ್ತದೆ. ಕೆಳಗಿನವರು "ಬಿಸಿ" ಎಂದರೆ ಹಾಕಬೇಕು, "ತಣ್ಣಗೆ" ಎಂದರೆ ತೆಗೆಯಬೇಕು. ಹಾಕುವ ಮೊದಲು "ಬಿಸಿನಾ?" ಎಂದು ತಿರುಗಿ ಕೇಳಬೇಕು, ಕೆಳಗಿನಿಂದ ಒಪ್ಪಿಗೆ ಬರಬೇಕು. ಹದಿನಾಲ್ಕು ವರ್ಷದಿಂದ ಆ ಸ್ವಿಚ್ಚಿನ ಹಿಡಿಯ ಮೇಲೆ ಕೈಯಿಟ್ಟು ಕೂತವರು ಅನುಮಾನಪ್ಪನವರ ಹೆಂಡತಿಯ ಅಣ್ಣ. ಇವರಿಗೆ ಅವರು ಭಾವ, ಅವರಿಗೆ ಇವರು ಭಾವ. "ಬಿಸಿ, ಭಾವ." "ಬಿಸಿನಾ, ಭಾವ?" "ಹ್ಞೂಂ, ಭಾವ." ಹೊಸದಾಗಿ ಬಾರ್ಜಿಗೆ ಬಂದವರು ಸ್ಪೀಕರಿನಲ್ಲಿ ಇದನ್ನು ಕೇಳಿ, ಯಾರೋ ಒಬ್ಬನೇ ತನ್ನೊಳಗೆ ಮಾತಾಡಿಕೊಳ್ಳುತ್ತಿದ್ದಾನೆ, ನೀರಿನ ಒತ್ತಡಕ್ಕೆ ತಲೆ ಕೆಟ್ಟಿರಬೇಕು ಎಂದು ಗಾಬರಿಯಾದದ್ದುಂಟು. ಅದಕ್ಕೇ ಉಳಿದವರು ಒಬ್ಬರನ್ನು ನೀರಿನ ಭಾವ, ಇನ್ನೊಬ್ಬರನ್ನು ಸ್ವಿಚ್ಚಿನ ಭಾವ ಎಂದು ಬೇರೆ ಮಾಡಿಕೊಂಡಿದ್ದಾರೆ.

ಈ ಇಬ್ಬರು ಭಾವಂದಿರು ಮಾತು ಬಿಟ್ಟು ಇಂದಿಗೆ ಮೂರು ವಾರ. ಬಿಟ್ಟರೂ ದಿನಕ್ಕೆ ನಲವತ್ತು ಸಲ ಬಿಸಿ, ನಲವತ್ತು ಸಲ ತಣ್ಣಗೆ ಎನ್ನಲೇಬೇಕು. ಇಷ್ಟೊಂದು ಮಾತಾಡಿಕೊಂಡು ಮಾತು ಬಿಟ್ಟವರು ಜಗತ್ತಿನಲ್ಲಿ ಇವರಿಬ್ಬರೇ.

ಆದದ್ದು ಇಷ್ಟು. ಮೂರು ವಾರದ ಹಿಂದೆ ಅನುಮಾನಪ್ಪ ಕೆಳಗೆ ಉರಿದ ರಾಡು ತೆಗೆದು ಹೊಸದು ಸಿಕ್ಕಿಸುತ್ತಿದ್ದರು. ವಿದ್ಯುತ್ ತಣ್ಣಗಿತ್ತು. ಪೈಪು ಸಡಿಲವಾಗಿದೆ, ಎಳೆದುಕೊಳ್ಳಲೇ ಎಂದು ಮೇಲಿನಿಂದ ಕೇಳಿದರು. ಬೇಡ, ಇರಲಿ ಎಂಬ ಅರ್ಥದಲ್ಲಿ ಅನುಮಾನಪ್ಪ "ಬಿಡಿ" ಎಂದರು. ಗುಳ್ಳೆಗಳ ಗದ್ದಲದ ನಡುವೆ ಅದು ಮೇಲೆ "ಬಿಸಿ" ಎಂದು ಕೇಳಿಸಿತು. ಮರುಕ್ಷಣ ಸ್ವಿಚ್ಚು ಬಿತ್ತು. ರಾಡಿನ ಬುಡ ಹಿಡಿದಿದ್ದ ಅನುಮಾನಪ್ಪನವರ ಕೈ ಭುಜದವರೆಗೆ ಮರದ ಕೊರಡಾಯಿತು. ಬಾಯಿ ತುಂಬ ತುಕ್ಕಿನ ರುಚಿ. ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಎರಡು ದಿನ ಬಿಸಿಯಾಗಿಯೇ ಇತ್ತೆಂದು ಅವರು ಹೇಳುತ್ತಾರೆ. ಅದರ ಮೇಲೆ ಚಹಾ ಕಾಯಿಸಬಹುದಿತ್ತೆಂದು ಬಾರ್ಜಿನವರು ಸೇರಿಸುತ್ತಾರೆ.

ಮೇಲೆ ಬಂದವರು ಮೊದಲು ಕೇಳಿದ್ದು, ಒಪ್ಪಿಗೆ ಕೇಳದೆ ಸ್ವಿಚ್ಚು ಏಕೆ ಹಾಕಿದಿರಿ ಎಂದು. ಕೇಳಿದೆ, ನೀವು ಹ್ಞೂಂ ಅಂದಿರಿ ಎಂದರು ಸ್ವಿಚ್ಚಿನ ಭಾವ. ಅನ್ನಲಿಲ್ಲ ಎಂದರು ನೀರಿನ ಭಾವ. ಅಂದಿರಿ, ಇಲ್ಲ, ಅಂದಿರಿ, ಇಲ್ಲ. ಬಾರ್ಜಿನ ಮೇಲೆ ಆಡಿದ್ದೆಲ್ಲ ತನ್ನಷ್ಟಕ್ಕೆ ದಾಖಲಾಗುವ ಪೆಟ್ಟಿಗೆಯೊಂದಿದೆ. ಕೇಳಿಸಿಕೊಳ್ಳಿ ಎಂದು ಸೂಪರ್‌ವೈಸರ್ ಮೂರು ಸಲ ಕರೆದರು; ಮೂರು ಸಲವೂ ಅನುಮಾನಪ್ಪ ಹೋಗಲಿಲ್ಲ. "ಪೆಟ್ಟಿಗೆ ಯಾರ ಕೈಯಲ್ಲಿದೆ? ಸೂಪರ್‌ವೈಸರ್ ಕೈಯಲ್ಲಿ. ಸೂಪರ್‌ವೈಸರ್ ಜೊತೆ ದಿನಾ ಎರಡು ಹೊತ್ತು ಚಹಾ ಕುಡಿಯೋರ್ಯಾರು? ನಮ್ಮ ಭಾವ. ಆಮೇಲೆ ಅದ್ರಲ್ಲಿ ಏನು ಬೇಕಾದ್ರೂ ಕೇಳಿಸುತ್ತೆ ಬಿ..." ಎಂದು ಅರ್ಧಕ್ಕೆ ತಡೆದುಕೊಂಡರು. ಅಂದಿನಿಂದ ಆ ಬಾರ್ಜಿನ ಮೇಲೆ "ಬಿಡಿ" ಎನ್ನುವ ಪದ ನಿಷಿದ್ಧ. ಬೇಡ ಎನ್ನಬೇಕಾದವರು "ಬೇಡ" ಎನ್ನಬೇಕು. ಬಿಡಿ ಭಾಗಗಳ ಪೆಟ್ಟಿಗೆಗೂ "ಚೂರುಪಾರು" ಎಂದು ಹೊಸ ಚೀಟಿ ಅಂಟಿದೆ.

ಅನುಮಾನ ಒಮ್ಮೆ ಹೊಕ್ಕಿತೆಂದರೆ ಅನುಮಾನಪ್ಪನವರಿಗೆ ಅದೇ ಊಟ, ಅದೇ ನಿದ್ದೆ. ತೀರ್ಪು ಆಗಲೇ ಬರೆದಾಗಿತ್ತು: ಭಾವನಿಗೆ ಕಿವಿ ಮಂದವಾಗಿದೆ, ಮುಚ್ಚಿಡುತ್ತಿದ್ದಾರೆ. ಉಳಿದದ್ದು ಸಾಕ್ಷಿ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅವರದು. ಮುಂದಿನ ಕೋಣೆಯಲ್ಲಿ ಹೆಂಡತಿ ಶಾಲಾ ಚೀಲ ಹೊಲಿಯುವ ಯಂತ್ರದ ಮುಂದೆ ಕೂತಿರುತ್ತಾರೆ. ಭಾನುವಾರ ತಂಗಿಯನ್ನು ನೋಡಲು ಅಣ್ಣ ಬಂದರು. ಮಾತು ಬಿಟ್ಟದ್ದನ್ನು ಪರೀಕ್ಷೆಯ ಮಟ್ಟಿಗೆ ಬದಿಗಿಟ್ಟು ಅನುಮಾನಪ್ಪ ಅಡುಗೆಮನೆಯ ಬಾಗಿಲ ಹಿಂದೆ ಅವಿತು, ಪಿಸುದನಿಗಿಂತ ಒಂದು ಕೂದಲೆಳೆ ಮೇಲೆ, "ಭಾವ, ಚಹಾ ಬೇಕಾ?" ಎಂದರು. ಉತ್ತರವಿಲ್ಲ. ಗೆದ್ದೆ ಎಂದುಕೊಂಡು ಹೊರಗೆ ಬಂದು, ಚಹಾ ಬೇಕೋ ಬೇಡವೋ ಎಂದು ಜೋರಾಗಿ ಕೇಳಿದರು. "ಬೇಡ ಅಂದೆನಲ್ಲ ಭಾವ, ಆಗಲೇ," ಎಂದರು ಅವರು. ಎಂಥ ಜಾಣತನ, ಕೇಳಿಸದಿದ್ದುದನ್ನು ಹೇಗೆ ಮುಚ್ಚಿಕೊಂಡರು ನೋಡಿ ಎಂದು ಅನುಮಾನಪ್ಪ ಒಳಗೊಳಗೇ ತಲೆದೂಗಿದರು. ಗೋಡೆಯ ಮೇಲಿನ ಕ್ಯಾಲೆಂಡರಿನ ಮೂಲೆಯಲ್ಲಿ ಒಂದು ಗೀಟು ಹಾಕಿದರು. ಮೂರು ವಾರದಲ್ಲಿ ಹನ್ನೊಂದು ಗೀಟು.

ಹೆಂಡತಿಗೆ ಈ ಕಡೆ ಗಂಡ, ಆ ಕಡೆ ಅಣ್ಣ. ಮನೆಯಲ್ಲಿ ಎರಡೂ ಕಡೆಯ ಮುಖ ನೋಡಿ ನೋಡಿ ಕತ್ತು ನೋಯುತ್ತಿದೆ ಎನ್ನುತ್ತಾರೆ. ಅಣ್ಣನ ಕಿವಿ ಚೆನ್ನಾಗಿಯೇ ಇದೆ, ತಂಗಿ ಮನೆಯಲ್ಲಿ ಡಬ್ಬಿ ಮುಚ್ಚಳ ತೆಗೆದರೆ ಬೀದಿಯ ತುದಿಯಲ್ಲಿ ಕೇಳಿಸುತ್ತದೆ ಎಂದು ಅವರ ವಾದ. ಹಾಗಾದರೆ ಗಂಡನ ಕಿವಿ? ಯಂತ್ರ ನಿಲ್ಲಿಸಿ, ಹಲ್ಲಿನಲ್ಲಿ ದಾರ ಕಡಿದು ಹೇಳುತ್ತಾರೆ: "ನಾನು ಏನು ಹೇಳಿದ್ರೂ ಹ್ಞೂಂ ಅಂತಾರೆ. ಕೇಳಿಸ್ತೋ ಇಲ್ವೋ ಯಾರಿಗೆ ಗೊತ್ತು. ಮನೆಯಲ್ಲಿ ಗಂಡಸರ ಕಿವಿ ಕೇಳಿಸಿದ್ದು ಯಾವ ಕಾಲಕ್ಕೆ?"

ಈ ಕಸುಬಿನಲ್ಲಿ ಒಂದು ಅಲಿಖಿತ ಪದ್ಧತಿಯಿದೆ. ಸ್ವಿಚ್ಚಿನ ಮೇಲೆ ಯಾರ ಕೈ ಇರಬೇಕೆಂದು ಹೇಳುವ ಹಕ್ಕು ನೀರಿನೊಳಗಿನವರದು. ಅವರಿಗೆ ನಂಬಿಕೆಯಿಲ್ಲದವರು ಅಲ್ಲಿ ಕೂರುವಂತಿಲ್ಲ. ಕಾರಣ ಕೇಳುವಂತಿಲ್ಲ. ಮೂರು ವಾರ ತಾಳಿಕೊಂಡ ಸೂಪರ್‌ವೈಸರ್ ಕೊನೆಗೆ ಗಡುವು ಕೊಟ್ಟಿದ್ದಾರೆ: ಶುಕ್ರವಾರ ಸಂಜೆಯೊಳಗೆ ಒಂದು ಮಾತು ಹೇಳಿ, ಬದಲಾಯಿಸುತ್ತೇನೆ. ಒಮ್ಮೆ ಆ ಕುರ್ಚಿಯಿಂದ ಎಬ್ಬಿಸಿದವರನ್ನು ಬೇರೆ ಯಾವ ಬಾರ್ಜಿನವರೂ ಕೂರಿಸಿಕೊಳ್ಳುವುದಿಲ್ಲ. ಐವತ್ತೇಳರ ವಯಸ್ಸಿನ ಸ್ವಿಚ್ಚಿನ ಭಾವನಿಗೆ ಬೇರೆ ಕಸುಬಿಲ್ಲ.

ಇವತ್ತು ಶುಕ್ರವಾರ. ಅನುಮಾನಪ್ಪ ಬೆಳಗ್ಗೆಯೇ ಹೆಂಡತಿಗೆ ಹೇಳಿ ಬಂದಿದ್ದಾರೆ, ಸಂಜೆ ಹೇಳಿಬಿಡುತ್ತೇನೆ ಎಂದು. ಹೆಂಡತಿ ಏನೋ ಉತ್ತರ ಕೊಟ್ಟರು. ಇವರು ಹ್ಞೂಂ ಎಂದು ಮೆಟ್ಟಿಲಿಳಿದರು.

ಇವತ್ತಿನದು ಇಪ್ಪತ್ತನಾಲ್ಕನೆಯ ಕಂಬ. ಹಿಂದಿನ ಇಪ್ಪತ್ತಮೂರೂ ಗಟ್ಟಿ. ನಕ್ಷೆಯ ಪ್ರಕಾರ ಇದೂ ಗಟ್ಟಿ. ನೀರಿನೊಳಗೇ ಇರುವ ಅದರ ನೆತ್ತಿಯ ಮೇಲೆ ಉಕ್ಕಿನ ತಟ್ಟೆ ಬೆಸೆದು ಮುಚ್ಚಿದ್ದಾರೆ, ಬುಡ ಕೆಸರಿನಲ್ಲಿದೆ. ಏಳೂಕಾಲಿಗೆ ಅನುಮಾನಪ್ಪ ನೀರಿಗಿಳಿಯುತ್ತಾರೆ. ಎರಡನೆಯ ಮೀಟರಿಗೆ ಬೆಳಕು ಹಸಿರಾಗುತ್ತದೆ, ಐದಕ್ಕೆ ಕಂದಾಗುತ್ತದೆ, ಎಂಟಕ್ಕೆ ಬೆಳಕೆಂಬುದೇ ಒಂದು ಗಾಳಿಮಾತು. ಆ ಮೇಲೆ ಕಣ್ಣಿನ ಕೆಲಸವೆಲ್ಲ ಅಂಗೈಗೆ. ಕಂಬವನ್ನು ಸವರಿ, ಚಿಪ್ಪು ಕೆರೆದು, ಸುತ್ತಿಗೆ ತೆಗೆಯುತ್ತಾರೆ. ಉಸಿರು ಬಿಗಿಹಿಡಿಯುತ್ತಾರೆ. ಸಮುದ್ರವೂ ಬಿಗಿಹಿಡಿಯುತ್ತದೆ ಎಂದರೆ ಅದು ಅತಿಯಲ್ಲ.

ಮೂರು ಪೆಟ್ಟು. ದಬ್. ದಬ್. ದಬ್.

ಗಟ್ಟಿ ಎಂದುಕೊಳ್ಳುತ್ತಾರೆ ಅನುಮಾನಪ್ಪ. ನಕ್ಷೆ ಹೇಳಿದ್ದು ನಿಜವಾದದ್ದಕ್ಕೆ ಅವರಿಗೆ ಕೊಂಚ ಬೇಸರವೇ ಆಗುತ್ತದೆ. ರಾಡು ಸಿಕ್ಕಿಸುತ್ತಾರೆ. ಅಷ್ಟರಲ್ಲಿ ಹೆಲ್ಮೆಟ್ಟಿನೊಳಗೆ ಭಾವನ ದನಿ ಏನೋ ಅನ್ನುತ್ತದೆ. ಅನುಮಾನಪ್ಪನವರಿಗೆ ಅದು "ಒಳ್ಳೇದು" ಎಂದು ಕೇಳಿಸುತ್ತದೆ. ಒಳ್ಳೇದೋ ಕೆಟ್ಟದ್ದೋ ಹೇಳುವುದಕ್ಕೆ ಇವರ್ಯಾರು ಎಂದುಕೊಂಡರೂ ಬಾಯಿ ತನ್ನ ರೂಢಿಯಂತೆ "ಹ್ಞೂಂ" ಎನ್ನುತ್ತದೆ. ಆಮೇಲೆ, "ಬಿಸಿ."

ಏನೂ ಆಗುವುದಿಲ್ಲ. ರಾಡಿನ ತುದಿ ಉಕ್ಕಿಗೆ ತಾಗಿದೆ, ಕಿಡಿಯಿಲ್ಲ.

"ಬಿಸಿ," ಎನ್ನುತ್ತಾರೆ ಇನ್ನೊಮ್ಮೆ. ಹೆಲ್ಮೆಟ್ಟಿನೊಳಗೆ ಅದೇ ದನಿ, ಅದೇ ಗೊಣಗು. ಕಿಡಿಯಿಲ್ಲ. ಅನುಮಾನಪ್ಪನವರ ಕಿವಿಯವರೆಗೆ ರಕ್ತ ಏರುತ್ತದೆ. ಕೇಳಿಸುತ್ತಿಲ್ಲ ಈ ಮನುಷ್ಯನಿಗೆ! ಹನ್ನೆರಡನೆಯ ಗೀಟು ಇದು, ಎಲ್ಲರೆದುರು, ಸ್ಪೀಕರಿನಲ್ಲಿ. ಮೂರನೆಯ ಸಲ "ಬಿಸಿ" ಎಂದು ಅವರು ಕೂಗಿದ ರಭಸಕ್ಕೆ ಸುತ್ತಲಿನ ಮೀನುಗಳು ಬೇರೆ ಸಮುದ್ರಕ್ಕೆ ವಲಸೆ ಹೋಗಿರಬೇಕು. ಅದಕ್ಕೆ ಉತ್ತರ ಕಿವಿಗೆ ಬರಲಿಲ್ಲ, ಸೊಂಟಕ್ಕೆ ಬಂತು. ಸೊಂಟದ ಹಗ್ಗ ನಾಲ್ಕು ಸಲ ಜಗ್ಗಿತು. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಜಗ್ಗಿದರೆ ಮೇಲೆ ಬನ್ನಿ ಎಂದರ್ಥ. ಆ ಮಾತಿಗೆ ಎದುರು ಮಾತಿಲ್ಲ.

ಮೇಲೆ ಬಂದ ಅನುಮಾನಪ್ಪ ಹೆಲ್ಮೆಟ್ಟು ಕಳಚುವುದಕ್ಕೂ ಕಾಯುವುದಿಲ್ಲ. ಸಂಜೆಯವರೆಗೆ ಏಕೆ, ಈಗಲೇ ಹೇಳುತ್ತೇನೆ ಎಂದು ಶುರುವಾಗುತ್ತಾರೆ: ಮೂರು ಸಲ ಬಿಸಿ ಎಂದೆ, ಮೂರು ಸಲವೂ ಕೇಳಿಸಲಿಲ್ಲ, ಇವರ ಕೈಯಲ್ಲಿ ನನ್ನ ಜೀವ. ಸ್ವಿಚ್ಚಿನ ಭಾವ ಎದ್ದು ನಿಂತಿದ್ದಾರೆ, ಆದರೆ ಒಂದು ಕೈ ಸ್ವಿಚ್ಚಿನ ಹಿಡಿಯನ್ನು ಮೇಲಕ್ಕೆ, ತಣ್ಣಗಿನ ಕಡೆಗೇ, ಒತ್ತಿಹಿಡಿದಿದೆ.

"ಕೇಳಿಸ್ತು ಭಾವ. ಮೂರು ಸಲಾನೂ ಕೇಳಿಸ್ತು," ಎನ್ನುತ್ತಾರೆ. "ಬೇಕಂತಲೇ ಹಾಕ್ಲಿಲ್ಲ. ಕಂಬ ಟೊಳ್ಳು."

ಅನುಮಾನಪ್ಪ ನಗುತ್ತಾರೆ. ಸುತ್ತಿಗೆ ಹೊಡೆದದ್ದು ನಾನು, ಕಂಬದ ಪಕ್ಕ ನಿಂತವನು ನಾನು, ಹನ್ನೊಂದು ಮೀಟರ್ ಮೇಲೆ ಕುರ್ಚಿಯಲ್ಲಿ ಕೂತವರಿಗೆ ಟೊಳ್ಳು ಗೊತ್ತಾಯಿತಂತೆ ಎಂದು ಎಲ್ಲರ ಮುಖ ನೋಡುತ್ತಾರೆ. ಯಾರೂ ನಗುವುದಿಲ್ಲ. ಆಗ ಮೂರು ವಾರದಿಂದ ಬೇಡವೆಂದಿದ್ದ ದಾಖಲೆಯನ್ನು ಅವರೇ ಕೇಳುತ್ತಾರೆ. ಈಗ ಆದದ್ದು ಈಗಲೇ ಹಾಕಿ, ಕೈಯಾಡಿಸಲು ಹೊತ್ತು ಕೊಡುವುದಿಲ್ಲ ಎಂದು ಗಡಿಯಾರ ನೋಡಿಕೊಳ್ಳುತ್ತಾರೆ. ಹಗ್ಗ ಜಗ್ಗಿ ನಾಲ್ಕು ನಿಮಿಷವೂ ಆಗಿಲ್ಲ. ಸೂಪರ್‌ವೈಸರ್ ಗುಂಡಿ ಒತ್ತುತ್ತಾರೆ.

ಸ್ಪೀಕರಿನಲ್ಲಿ ಉಸಿರು ನಿಲ್ಲುವ ಸದ್ದು. ಆಮೇಲೆ ಸುತ್ತಿಗೆಯ ಮೂರು ಪೆಟ್ಟು. ದಬ್, ದಬ್, ದಬ್. ನೋಡಿದಿರಾ, ಎಂದು ಅನುಮಾನಪ್ಪ ಗೆದ್ದವರಂತೆ ತಿರುಗುತ್ತಾರೆ. ಪಕ್ಕದಲ್ಲಿ ಆಪತ್ತಿಗೆಂದು ಸಿದ್ಧವಾಗಿ ಕೂತ ಎರಡನೆಯ ಮುಳುಗುಗಾರ್ತಿ, ಇವರ ಕೈಕೆಳಗೇ ಕಲಿತವಳು, ಕೈಯಲ್ಲಿದ್ದ ಚಹಾದ ಲೋಟ ಕೆಳಗಿಡುತ್ತಾಳೆ.

"ಟಣ್ ಅಂತಿದೆ ಗುರುಗಳೇ," ಎನ್ನುತ್ತಾಳೆ ಮೆಲ್ಲಗೆ. "ತಾಮ್ರದ ಕೊಡ ಬಡಿದ ಹಾಗಿದೆ."

ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಅನುಮಾನಪ್ಪನವರಿಗೆ ಇಡೀ ಬಾರ್ಜೇ ಒಂದಾಗಿ ಪಿತೂರಿ ಮಾಡಿದೆ ಎನಿಸುತ್ತದೆ. ಸೂಪರ್‌ವೈಸರ್, ಭಾವ, ಶಿಷ್ಯೆ, ಚಹಾದ ಲೋಟ, ಎಲ್ಲವೂ. ಆದರೆ ಅನುಮಾನ ಅವರ ಕಸುಬು, ಕಸುಬಿನವರು ಅರ್ಧಕ್ಕೆ ನಿಲ್ಲುವುದಿಲ್ಲ. ಹೆಡ್‌ಫೋನ್ ಕೊಡಿ ಎನ್ನುತ್ತಾರೆ. ಮೊದಲು ಎಡಗಿವಿಗೆ ಒತ್ತಿಕೊಳ್ಳುತ್ತಾರೆ. ದಬ್. ಬಲಗಿವಿಗೆ. ದಬ್. ಇನ್ನೊಮ್ಮೆ ಬಲಗಿವಿಗೆ, ಕಣ್ಣು ಮುಚ್ಚಿ. ದಬ್ ಎಂಬುದರ ಬಾಲಕ್ಕೆ ತುಂಬ ದೂರದಲ್ಲಿ, ಸೊಳ್ಳೆಯೊಂದು ಪಕ್ಕದ ಬೀದಿಯಲ್ಲಿ ಹಾರಿದಂತೆ, ಒಂದು ಸಣ್ಣ ಣ್. ಆರು ಸಲ ಕೇಳುತ್ತಾರೆ. ಆರು ಸಲವೂ ಅದು ಅಲ್ಲೇ ಇದೆ. ಎಡಕ್ಕೆ ಹಿಡಿದರೆ ಇಲ್ಲ.

ಪೆಟ್ಟಿನ ನಂತರ ಭಾವನ ದನಿ. ಬಲಗಿವಿಗೆ ಅದು ಈಗ ಬಿಡಿಬಿಡಿಯಾಗಿ ಕೇಳಿಸುತ್ತದೆ: "ಟೊಳ್ಳದು ಭಾವ, ಟೊಳ್ಳದು." ಅದಕ್ಕೆ ತಮ್ಮದೇ ದನಿಯ ಉತ್ತರ: "ಹ್ಞೂಂ."

ಅನುಮಾನಪ್ಪ ಹೆಡ್‌ಫೋನ್ ತೆಗೆಯುವುದಿಲ್ಲ. ಮೂರು ವಾರದ ಹಿಂದಿನದನ್ನು ಹಾಕಲು ಹೇಳುತ್ತಾರೆ. ಸೂಪರ್‌ವೈಸರ್ ಹುಡುಕಿ ಹಾಕುತ್ತಾರೆ. ಗುಳ್ಳೆಗಳ ಸದ್ದು, ಪೈಪು ಎಳೆಯಲೇ ಎಂಬ ಪ್ರಶ್ನೆ, ಇವರ "ಬಿಡಿ". ಅದು ಬಿಡಿಯೋ ಬಿಸಿಯೋ ಎಂದು ಸಾಕ್ಷಾತ್ ದೇವರಿಗೂ ತಿಳಿಯುವಂತಿಲ್ಲ, ಅಷ್ಟು ಗದ್ದಲ. ಅದಕ್ಕೇ ಅಲ್ಲವೇ ತಿರುಗಿ ಕೇಳುವ ಪದ್ಧತಿ? ತಿರುಗಿ ಕೇಳಿದ್ದಾರೆ ಕೂಡ. ಭಾವನ ದನಿ ನಿಧಾನವಾಗಿ, ಶಾಲೆಯ ಮೇಷ್ಟ್ರಂತೆ, "ಬಿಸಿನಾ ಭಾವ?" ಎನ್ನುತ್ತದೆ. ಒಂದು ಉಸಿರಿನಷ್ಟು ಬಿಟ್ಟು ಮತ್ತೊಮ್ಮೆ, "ಬಿಸಿ ಮಾಡ್ಲಾ?" ಅದಕ್ಕೂ ಉತ್ತರ ಅದೇ, ಹೆಂಡತಿಗೆ ಮೆಟ್ಟಿಲ ಮೇಲೆ ಕೊಟ್ಟದ್ದೇ, ಅದೇ ರಾಗ.

ಮಂದವಾಗಿದ್ದುದು ಸ್ವಿಚ್ಚಿನ ಕೆಲಸದವರ ಕಿವಿಯಲ್ಲ, ನೀರಿನವರ ಕಿವಿ. ಉಕ್ಕಿನ ಸಿಡಿತಗಳು ಇಪ್ಪತ್ತಾರು ವರ್ಷ ಒಂದೊಂದಾಗಿ ಕದ್ದು ಒಯ್ದದ್ದು ತೆಳ್ಳಗಿನ ಸದ್ದುಗಳನ್ನು: ಟಣ್ಣಿನ ಣ್, ಬಿಸಿಯ ಸಿ, ಅಡುಗೆಮನೆಯ ಬಾಗಿಲಿನಾಚೆಯ "ಬೇಡ". ದಪ್ಪ ಸದ್ದುಗಳನ್ನು ಬಿಟ್ಟಿದ್ದರಿಂದ ಕಳ್ಳತನ ಗೊತ್ತಾಗಲೇ ಇಲ್ಲ. ಬೀಗ, ಪೈಪು, ನಕ್ಷೆ, ಎಂಜಿನಿಯರ್, ಭಾವ, ಎಲ್ಲವನ್ನೂ ಜಾಲಾಡಿದವರು ತಮ್ಮ ತಲೆಯ ಎರಡು ಪಕ್ಕಗಳನ್ನು ಮಾತ್ರ ಸೋಸಿ ನೋಡಿರಲಿಲ್ಲ.

ಅನುಮಾನಪ್ಪ ಹೆಡ್‌ಫೋನ್ ಕಳಚಿಟ್ಟು ಶಿಷ್ಯೆಯ ಕಡೆ ತಿರುಗುತ್ತಾರೆ. "ನೀನು ಇಳಿ. ನೆತ್ತಿಯಿಂದ ಒಂದು ಗೇಣು ಕೆಳಗೆ ಕೊರಿ. ಮೊದಲು ಮೂರು ಪೆಟ್ಟು ಹೊಡಿ. ನಾನು ಹೇಳ್ದೆ ಅಂತ ನಂಬಬೇಡ."

ಅವಳು ಇಳಿಯುತ್ತಾಳೆ. ಅವಳ ಉಸಿರಿನ ಪೈಪನ್ನು ಅನುಮಾನಪ್ಪ ತಾವೇ ಕೈಯಿಂದ ಕೈಗೆ ಬಿಡುತ್ತಾರೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬೇರೆಯವರ ಪೈಪು. ಗಾಳಿಯ ಒತ್ತಡದಲ್ಲಿ ಕೊರೆಯುವ ಯಂತ್ರ ಹತ್ತು ನಿಮಿಷ ಕಿರುಗುಟ್ಟಿ ನಿಲ್ಲುತ್ತದೆ. ಆಮೇಲೆ ಬಾರ್ಜಿನ ಬದಿಯಲ್ಲಿ ಒಂದು ಗುಳ್ಳೆ. ಹತ್ತು. ನೂರು. ಸಮುದ್ರಕ್ಕೇ ಅಜೀರ್ಣವಾಗಿ ತೇಗಿದಂತೆ ನೀರು ಮಗುಚಿ ಮಗುಚಿ ಬರುತ್ತದೆ, ಕೊಳೆತ ಮೊಟ್ಟೆಯ ನಾತದೊಂದಿಗೆ. ಒಂಬತ್ತು ನಿಮಿಷ ನಿಲ್ಲುವುದಿಲ್ಲ. ಒಳಗಿನ ಕಾಂಕ್ರೀಟು ಯಾವ ಕಾಲದಲ್ಲೋ ಕುಸಿದು, ಕೊಯ್ಯಬೇಕಾದ ಜಾಗದಿಂದ ನೆತ್ತಿಯವರೆಗೆ ಬರೀ ಗಾಳಿ. ಅದಕ್ಕೆ ಬೆಂಕಿ ಮುಟ್ಟಿದ್ದರೆ ಇಂದು ಈ ಬರಹ ಬೇರೆ ಪುಟದಲ್ಲಿ, ಕಪ್ಪು ಚೌಕಟ್ಟಿನಲ್ಲಿ ಬರುತ್ತಿತ್ತು. ಈ ಒಂದು ವಾಕ್ಯದಲ್ಲಿ ಉತ್ಪ್ರೇಕ್ಷೆಯಿಲ್ಲ.

ಸಂಜೆ ಸೂಪರ್‌ವೈಸರ್ ಏನನ್ನೂ ಕೇಳದಿದ್ದರೂ ಅನುಮಾನಪ್ಪ ತಾವೇ ಅವರ ಕೋಣೆಗೆ ಹೋಗುತ್ತಾರೆ. ಗಡುವು ಗಡುವೇ. "ಸ್ವಿಚ್ಚಿನವರು ಅಲ್ಲೇ ಇರಲಿ. ನೀರಿನವರನ್ನ ಬದಲಾಯಿಸಿ," ಎನ್ನುತ್ತಾರೆ. ಸೋಮವಾರ ಕಿವಿ ಪರೀಕ್ಷೆಗೆ ಚೀಟಿ ಬರೆಸಿಕೊಳ್ಳುತ್ತಾರೆ. ಚೀಟಿಯಲ್ಲಿ ಎಡ ಎಂದಿದೆಯೋ ಬಲ ಎಂದಿದೆಯೋ ಎಂದು ಎರಡು ಸಲ ಓದಿ, ಎರಡೂ ಎಂದಿರುವುದನ್ನು ಖಚಿತಪಡಿಸಿಕೊಂಡು ಜೇಬಿಗಿಡುತ್ತಾರೆ. ಪರೀಕ್ಷೆ ಏನು ಹೇಳುತ್ತದೆಂದು ಅವರಿಗೆ ಗೊತ್ತು. ಇನ್ನು ಮುಂದೆ ಪೈಪು ಒತ್ತಿ ನೋಡುವ ಕೆಲಸ ಕೊಟ್ಟರೆ ಸಾಕು ಎಂದಷ್ಟೇ ಕೇಳಿದ್ದಾರೆ. ತೊಂಬತ್ತು ಮೀಟರಿನ ಒಂದೊಂದು ಗೇಣನ್ನೂ ಅವರಷ್ಟು ಅಪನಂಬಿಕೆಯಿಂದ ಒತ್ತುವವರು ಮೂರು ಲೋಕದಲ್ಲಿ ಸಿಗುವುದಿಲ್ಲವಾದ್ದರಿಂದ ಅದು ಸಿಗುವ ಸಂಭವವಿದೆ.

ಮನೆಯಲ್ಲಿ ಹೊಲಿಗೆ ಯಂತ್ರ ನಿಂತಿದೆ. ಹೆಂಡತಿ ಸುದ್ದಿಯನ್ನು ಪೂರ್ತಿ ಕೇಳಿ, ಗಂಡನ ಬಲಗಡೆಗೆ ಬಂದು ಕೂತಿದ್ದಾರೆ. ಹಾಗಾದರೆ ಇಷ್ಟು ವರ್ಷ ನಾನು ಹೇಳಿದ್ದಕ್ಕೆಲ್ಲ ಹ್ಞೂಂ ಎಂದದ್ದು ಯಾವ ಲೆಕ್ಕಕ್ಕೆ ಎಂದು ಅವರು ಕೇಳಬೇಕೆಂದಿದ್ದಾರೆ, ಕೇಳಿಲ್ಲ. ಬೆಳಗ್ಗೆ ಮೆಟ್ಟಿಲ ಮೇಲೆ ತಾನು ಹೇಳಿದ್ದು ಏನೆಂದು ಮಾತ್ರ ಈಗ ಜೋರಾಗಿ ಹೇಳುತ್ತಾರೆ: "ಅಣ್ಣನ್ನ ಎಬ್ಬಿಸೋದಾದ್ರೆ ಎಬ್ಬಿಸಿ. ನೀವು ಮಾತ್ರ ಹುಷಾರಾಗಿ ಬನ್ನಿ, ಅಂದಿದ್ದೆ."

ಅನುಮಾನಪ್ಪ ಈ ಸಲ ಹ್ಞೂಂ ಎನ್ನುವುದಿಲ್ಲ. "ಇನ್ನೊಂದ್ಸಲ ಹೇಳು," ಎನ್ನುತ್ತಾರೆ. ಹೆಂಡತಿ ಇನ್ನೊಂದು ಸಲ ಹೇಳುತ್ತಾರೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಅದು ಹೆಂಡತಿಗೆ ಕೇಳಿಸುತ್ತದೆ. ಮೂರು ವಾರದ ಮೇಲೆ ಸ್ವಿಚ್ಚಿನ ಭಾವ ಸುಮ್ಮನೆ ಮಾತಾಡಲೆಂದೇ ಬಂದಿದ್ದಾರೆ. ಕೂತವರೇ, ಇನ್ನಾದರೂ ಅನುಮಾನ ಹೋಯಿತೇ ಎಂದು ಮೆಲ್ಲಗೆ ಕೇಳುತ್ತಾರೆ. ತಂಗಿ ಅದನ್ನು ಗಂಡನ ಬಲಗಿವಿಗೆ ದಾಟಿಸುತ್ತಾರೆ. ಅನುಮಾನಪ್ಪ ನೆಟ್ಟಗೆ ಕೂರುತ್ತಾರೆ.

"ಯಾಕೆ ಹೋಗಬೇಕು ಭಾವ? ನನ್ನ ಅನುಮಾನ ಯಾವತ್ತಾದ್ರೂ ಸುಳ್ಳಾಗಿದ್ಯಾ? ನಮ್ಮಿಬ್ಬರಲ್ಲಿ ಒಬ್ಬರ ಕಿವಿ ಹೋಗಿದೆ ಅಂತ ಮೊದಲು ಕಂಡುಹಿಡಿದೋನು ನಾನೇ."